ಎರಡು ಕುಳಿಯ ದೋಣಿ

ಫಸಲಿ ೧೩೩೩, ಜ್ಯೇಷ್ಠ ಶುದ್ಧ ದಶಮಿ, ಗುರುವಾರ. ಕಲಬುರಗಿ

ಇವತ್ತು ನನ್ನ ಎರಡೂ ಕಾಲು ಜೋಮು ಹಿಡಿದು, ಏಳಲು ಹೋಗಿ ಪಡಸಾಲೆಯಲ್ಲೇ ಮುಗ್ಗರಿಸಿದೆ. ಕಾರಣ ಅತ್ತೆಯವರು. ನಿನ್ನೆ ಸಂಜೆ ಕಮಲಾಪುರದಿಂದ ಬಾಳೆಗೊನೆಯ ಗಾಡಿಯಲ್ಲಿ ಬಂದರು. ಅವರು ಮನೆಯಲ್ಲಿರುವಷ್ಟು ಹೊತ್ತು ನಾನು ಕಂಬಕ್ಕೆ ಒರಗುವುದಿಲ್ಲ, ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂತಿರುತ್ತೇನೆ. ಹಿರಿಯರ ಕಡೆ ಅಂಗಾಲು ಮಾಡಿ ಕೂರುವವನನ್ನು ನಮ್ಮಪ್ಪ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಮದುವೆಯಾಗಿ ಮೂರು ವರ್ಷವಾಯಿತು. ಅತ್ತೆ ಬಂಡೆಮ್ಮನವರೂ ನಾನೂ ಇನ್ನೂ ಒಂದು ಮಾತನ್ನೂ ನೇರವಾಗಿ ಆಡಿಲ್ಲ. ಅವರು ಬಾಗಿಲ ಮರೆಯಿಂದ ಮಗಳಿಗೆ ಹೇಳುತ್ತಾರೆ, ನಾನು ಕಂಬಕ್ಕೆ ಹೇಳುತ್ತೇನೆ. ನಡುವೆ ನನ್ನ ಹೆಂಡತಿ ಶಂಕ್ರಮ್ಮ ರೊಟ್ಟಿ ಬಡಿಯುತ್ತ ಎರಡೂ ಕಡೆ ತಲೆಯಾಡಿಸುತ್ತಾಳೆ.

ಅತ್ತೆಯವರು ಕಮಲಾಪುರದ ಸೂಲಗಿತ್ತಿ. ಆ ಊರಿನಲ್ಲಿ ಮೂವತ್ತರ ಒಳಗಿನವರೆಲ್ಲ ಮೊದಲು ನೋಡಿದ್ದು ಅವರ ಮುಖವನ್ನೇ. ಈ ಸಲ ಅವರು ಬಂದದ್ದು ಹಿರಿಯ ಮಗಳು ನೀಲಗಂಗಮ್ಮನ ಸಲುವಾಗಿ. ಅವಳನ್ನು ಕೊಟ್ಟದ್ದು ಹಳ್ಳದ ಆಚೆಯ ತೋಟದ ಮನೆಗೆ. ಬೇಸಿಗೆಯಲ್ಲಿ ಆ ಹಳ್ಳವನ್ನು ಕುರಿಮರಿಯೂ ದಾಟುತ್ತದೆ, ಮಳೆಗಾಲದಲ್ಲಿ ಆನೆಯೂ ದಾಟಲಾರದು. ಹೋದ ವರ್ಷ ಹಳ್ಳ ತುಂಬಿ ಬಂದ ದಿನವೇ ಅವಳಿಗೆ ನೋವು ಬಂತು. ಅತ್ತೆಯವರನ್ನು ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯಲ್ಲಿ ಕೂಡಿಸಿ ನೀರಿಗೆ ಬಿಟ್ಟರು. ನಡುನೀರಿನಲ್ಲಿ ಅದು ಮಗುಚಿತು. ರುಮಾಲು ಎಸೆದು ಅವರನ್ನು ಎಳೆದುಕೊಂಡರು. ನೀರು ಇಳಿದು ಅವರು ಆಚೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು.

ಈಗ ಮತ್ತೆ ಅವಳು ಬಸುರಿ, ಆಷಾಢದ ಕೊನೆಗೆ ದಿನ. ಎಂಟು ತುಂಬಿದ ಹೆಣ್ಣು ಹರಿಯುವ ನೀರು ದಾಟಬಾರದೆಂದು ಬೀಗರ ಹಟ. ಅತ್ತೆಯವರು ಮೊದಲೇ ಹೋಗಿ ಅಲ್ಲಿ ಇರೋಣವೆಂದರೆ, ಕಮಲಾಪುರದಲ್ಲಿ ಬೇರೆ ಬಸುರಿಯರು ಇವರ ದಾರಿಯನ್ನೇ ನೋಡುತ್ತಿದ್ದಾರೆ.

“ಮಾಸ್ತರಿಗಿ ಕೇಳವ್ವ,” ಎಂದರು ಬಾಗಿಲ ಹಿಂದಿನಿಂದ. “ಸಾಲ್ಯಾಗ ಹುಡುಗರಿಗಿ ಎಲ್ಲಾದ್ದರದೂ ಲೆಕ್ಕ ಹೇಳ್ತಾರಂತ. ನಮ್ಮ ಹಳ್ಳ ದಾಟೂ ಲೆಕ್ಕ ಏನರ ಅವರ ಬಲ್ಲಿ ಅದಾ?”

ನಾನು ಕಂಬಕ್ಕೆ ಕೇಳಿದೆ: “ಮಗುಚೂಕಿಂತ ಮೊದಲ ಕೊಪ್ಪರಿಗಿ ಅಲುಗಾಡಿತ್ತಾ?”

“ಅಲುಗಾಡಿದ್ರ ನಾ ಅದರಾಗ ಕೂಡತಿದ್ದಿಲ್ಲಂತ ಹೇಳು. ನೆಲದಂಗ ಇತ್ತು. ನೆಲದಂಗ ಇದ್ದದ್ದು ಒಮ್ಮಿಗೇ ತಿರುವಿ ಹಾಕ್ತು.”

ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನೆಲದ ಹಾಗೆ ಗಟ್ಟಿಯಾಗಿದ್ದದ್ದು ಒಮ್ಮೆಲೇ ಮಗುಚುವುದು ಹೇಗೆ?

ಕಾರ ಹುಣ್ಣಿಮೆ, ಮಂಗಳವಾರ

ಎತ್ತುಗಳಿಗೆ ಹಬ್ಬ, ನನಗೆ ರಜೆ. ಓಣಿಯವರೆಲ್ಲ ಎತ್ತು ಓಡಿಸುವುದನ್ನು ನೋಡಲು ಹೋದರೆ ನಾನು ಹಿತ್ತಲಿನ ನೀರಿನ ತೊಟ್ಟಿಯ ಮುಂದೆ ಕೂತೆ. ಹೆಂಡತಿಯ ಹಿಟ್ಟು ನಾದುವ ಪರಾತವನ್ನು ನೀರಿನ ಮೇಲೆ ತೇಲಿಸಿ, ಒಂದು ಅಂಚಿಗೆ ಹುಣಸೆಬೀಜ ಹಾಕುತ್ತ ಹೋದೆ. ಮೊದಲ ಹಿಡಿಗೆ ಅದು ಅಲುಗಲೇ ಇಲ್ಲ, ಎರಡನೆಯ ಹಿಡಿಗೂ ಅಷ್ಟೆ. ಇನ್ನೊಂದು ಹಿಡಿ ಹಾಕುವಷ್ಟರಲ್ಲಿ ಅಂಚು ನೀರಿಗೆ ತಾಕಿತು, ನೀರು ಒಳನುಗ್ಗಿತು, ಪರಾತ ತಳ ಸೇರಿತು. ಅತ್ತೆಯವರ ಕೊಪ್ಪರಿಗೆಯ ಕಥೆಯೇ.

ಆಮೇಲೆ ಒಣಗಿದ ಸೋರೆಬುರುಡೆಯನ್ನು ತಂದೆ. ಮೇಲುಗಡೆ ಸಣ್ಣ ಬಾಯಿ ಕೊರೆದು, ಹೊಟ್ಟೆಯೊಳಗೆ ಒಂದು ಕಲ್ಲಿಟ್ಟೆ. ಇದು ಬೆರಳು ತಾಗಿದರೆ ಸಾಕು ವಾಲುತ್ತದೆ. ಆದರೆ ವಾಲಿದಷ್ಟೂ ಬಿಗಿಯಾಗುತ್ತದೆ! ಒಂದು ಮಗ್ಗುಲಿಗೆ ಕಟ್ಟಿದ ಮೊದಲ ಹಿಡಿ ಬೀಜಕ್ಕೆ ಬಹಳ ಬಾಗಿದ ಬುರುಡೆ, ಎರಡನೆಯ ಹಿಡಿಗೆ ಅದರ ಅರ್ಧ ಮಾತ್ರ ಬಾಗಿತು. ಬೀಜ ತೆಗೆದರೆ ತಾನೇ ಎದ್ದು ಕೂತಿತು. ವಾಲಿದ ಕಡೆ ಅದರ ಹೊಟ್ಟೆ ನೀರಿಗಿಳಿಯುತ್ತದೆ, ಇಳಿದಷ್ಟೂ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಅಂದರೆ ಗಟ್ಟಿತನದಲ್ಲಿ ಎರಡು ಜಾತಿ. ಕೂತ ಕೂಡಲೇ ಗೊತ್ತಾಗುವುದು ಒಂದು, ಬೀಳುವ ಹೊತ್ತಿಗೆ ಗೊತ್ತಾಗುವುದು ಇನ್ನೊಂದು.

ಶಂಕ್ರಮ್ಮ ಬಂದು ತೊಟ್ಟಿಯ ತಳದಲ್ಲಿದ್ದ ಪರಾತ ನೋಡಿದಳು. “ಹಬ್ಬದ ದಿನ ಹೋಳಿಗಿ ಹಿಟ್ಟು ನಿಮ್ಮ ತಲಿ ಮ್ಯಾಲ ನಾದಲೇನು?” ಎಂದಳು.

ಬೈಸಿಕೊಳ್ಳುವಾಗಲೇ ಶಾಲೆಯ ಉಗ್ರಾಣದ ನೆನಪಾಯಿತು. ಮುರಿದ ಬೆಂಚುಗಳ ಹಿಂದೆ ಒಂದು ಉದ್ದನೆಯ ದೋಣಿ ಬಿದ್ದಿದೆ. ರೈಲಿನ ಕೆಲಸಕ್ಕೆ ಬಂದಿದ್ದ ಯಾವನೋ ಗೋರಾ ಸಾಹೇಬ ಬಾತುಕೋಳಿ ಬೇಟೆಗೆ ಇಟ್ಟುಕೊಂಡಿದ್ದು, ಹೋಗುವಾಗ ಬಿಟ್ಟುಹೋದದ್ದು. ಕಯಾಕ್ ಅಂತ ಅದರ ಹೆಸರು. ಹಿಮದ ದೇಶದ ಬೇಟೆಗಾರರು ತೊಗಲಿನಲ್ಲಿ ಮಾಡುತ್ತಾರಂತೆ, ಇದಕ್ಕೆ ತೊಗಲಿನ ಬದಲು ಕಿತ್ತಾನಿನ ದಪ್ಪ ಬಟ್ಟೆ. ಅದರ ಮೈಯೂ ಸೋರೆಬುರುಡೆಯ ಮೈಯೇ: ಸಪೂರ, ಉರುಟು, ಮೇಲುಗಡೆಯೂ ಮುಚ್ಚಿದ್ದು. ಒಬ್ಬರ ಹಿಂದೆ ಒಬ್ಬರು ಕೂರಲು ಎರಡು ಕುಳಿ ಮಾತ್ರ ತೆರೆದಿವೆ.

ಜ್ಯೇಷ್ಠ ಬಹುಳ ತದಿಗೆ, ಶುಕ್ರವಾರ

ಹಮೀದ್ ನನ್ನ ಬಾಲ್ಯದ ಗೆಳೆಯ. ಟಾಂಗಾಗಳ ಮೇಲಿನ ಟಪ್ಪ ಹೊಲಿಯುತ್ತಾನೆ. ದೋಣಿಯ ಹರಿದ ಕಿತ್ತಾನಿಗೆ ತೇಪೆ ಹಾಕಿ, ಮೇಣ ಕಾಯಿಸಿ ಬಳಿದುಕೊಟ್ಟ. ಇಬ್ಬರೂ ಸೇರಿ ಅದನ್ನು ಕೋಟೆಯ ಕಂದಕಕ್ಕೆ ಹೊತ್ತೊಯ್ದೆವು. ನೀರು ಅಲ್ಲಿ ನಿಂತ ನೀರು, ಎರಡೂ ಬದಿ ಗೋಡೆ ಇರುವುದರಿಂದ ಗಾಳಿಯೂ ಇಲ್ಲ. ಅಳೆಯುವವನಿಗೆ ಇದಕ್ಕಿಂತ ಬೇರೆ ಜಾಗ ಬೇಡ.

ನಾನು ಕೂತೆ. ದೋಣಿ ನನ್ನನ್ನು ನೀರಿಗೆ ಹಾಕಿತು. ಮತ್ತೆ ಹತ್ತಿದೆ, ಈ ಸಲ ಇನ್ನೊಂದು ಮಗ್ಗುಲಿಗೆ ಹಾಕಿತು. ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರು ಕೆಲಸ ಬಿಟ್ಟು ನೋಡತೊಡಗಿದರು.

“ಮಾಸ್ತರ್ ಸಾಬ್, ನೀವು ಗೂಟದಂಗ ಕೂಡತೀರಿ,” ಎಂದ ಹಮೀದ್ ಹೊಟ್ಟೆ ಹಿಡಿದು ನಗುತ್ತ. “ಅದು ವಾಲಿದ್ರ ನೀವೂ ಅದರ ಕೂಡ ವಾಲ್ತೀರಿ. ಸೊಂಟ ಸಡಿಲ ಬಿಡ್ರಿ.”

ಸೊಂಟ ಸಡಿಲ ಬಿಡುವುದನ್ನು ನನಗೆ ಯಾರೂ ಕಲಿಸಿಲ್ಲ. ಕಲಿಸಿದ್ದೆಲ್ಲ ನೆಟ್ಟಗೆ ಕೂರುವುದು. ಅವನು ಜುಮ್ಮಾ ನಮಾಜಿಗೆ ಹೋದ ಮೇಲೆಯೂ ನಾನು ಬೀಳುತ್ತಲೇ ಇದ್ದೆ. ನೋವಾಯಿತು, ಆದರೆ ಬೇಸರವಾಗಲಿಲ್ಲ. ಪ್ರತಿ ಸಲ ಬೀಳುವ ಮುಂಚೆ ಒಂದು ಗಳಿಗೆ ದೋಣಿ ನನ್ನನ್ನು ಹಿಡಿದು ನಿಲ್ಲಿಸಲು ನೋಡುತ್ತದೆ. ಅದನ್ನು ಮೈಯಲ್ಲೇ ಕಂಡೆ.

ಜ್ಯೇಷ್ಠ ಬಹುಳ ದಶಮಿ, ಶುಕ್ರವಾರ

ಇವತ್ತು ಅಳತೆ. ದೋಣಿಯ ನಡುವೆ ಒಂದು ಬಿದಿರು ನಿಲ್ಲಿಸಿ, ಅದರ ತುದಿಯಿಂದ ಗೌಂಡಿಗಳ ತೂಗುಗುಂಡನ್ನು ಇಳಿಬಿಟ್ಟೆ. ದಾರದ ಹಿಂದೆ ಅಡ್ಡಲಾಗಿ ಮಕ್ಕಳು ಬರೆಯುವ ಒಂದು ಪಾಟಿ ಕಟ್ಟಿ, ಅದರ ಮೇಲೆ ಬೆರಳಗಲಕ್ಕೆ ಒಂದರಂತೆ ಗೆರೆ ಎಳೆದೆ. ದೋಣಿ ವಾಲಿದರೂ ದಾರ ನೆಟ್ಟಗೇ ಇರುತ್ತದೆ, ಆದ್ದರಿಂದ ಪಾಟಿಯ ಮೇಲೆ ಅದು ಎಷ್ಟು ಬೆರಳು ಸರಿಯಿತೋ ದೋಣಿ ಅಷ್ಟು ವಾಲಿದ ಹಾಗೆ. ಒಂದು ತೂಕದ ಕಲ್ಲನ್ನು ನಡುವಿನಿಂದ ಅಂಚಿಗೆ ಸರಿಸಬೇಕು, ದಾರವನ್ನು ನೋಡಬೇಕು. ಕಡಿಮೆ ಸರಿದರೆ ದೋಣಿ ಗಟ್ಟಿ.

ಗುಂಡು ತೂಗಾಡುತ್ತ ನಿಲ್ಲಲೇ ಇಲ್ಲ. ಅದನ್ನು ಒಂದು ಲೋಟ ಎಣ್ಣೆಯಲ್ಲಿ ಅದ್ದಿದೆ, ತೆಪ್ಪಗಾಯಿತು.

“ದೋಣಿಗಿ ಎಣ್ಣಿ ನೀರು ಹಾಕಾಕತ್ತೀರೇನು?” ಎಂದ ಹಮೀದ್.

ಎರಡೂ ಕುಳಿಯಲ್ಲಿ ಮರಳಿನ ಚೀಲ ಹಾಕಿದೆವು. ಮುಂದಿನದು ಅತ್ತೆಯವರ ಅಂದಾಜು ತೂಕ (ಈ ಮಾತು ಶಂಕ್ರಮ್ಮನಿಗೆ ಗೊತ್ತಾಗಬಾರದು), ಹಿಂದಿನದು ನನ್ನದು. ಕಲ್ಲು ಸರಿಸಿದರೆ ದಾರ ಸರಿದದ್ದು ಎರಡೇ ಬೆರಳು. ಆಮೇಲೆ ಹಗ್ಗ ಕಟ್ಟಿ ದೋಣಿಯನ್ನು ಮಗ್ಗುಲಿಗೆ ಎಳೆದೆವು. ಮೊದಲು ಸುಲಭವಾಗಿ ಬಂತು, ಬಾಗಿದಂತೆ ಬಾಗಿದಂತೆ ಬಿಗಿಯಾಯಿತು, ಹಮೀದ್ ಎರಡೂ ಕಾಲು ಊರಿ ಜಗ್ಗಬೇಕಾಯಿತು. ಹಗ್ಗ ಬಿಟ್ಟರೆ ಸೆಟೆದು ಎದ್ದಿತು. ಸೋರೆಬುರುಡೆಯೇ!

ಚೀಲ ತೆಗೆದು ನಾವಿಬ್ಬರೇ ಕೂತೆವು, ಅವನು ಮುಂದೆ, ನಾನು ಹಿಂದೆ. ಆಗಲೂ ಎರಡು ಬೆರಳು, ಹೆಚ್ಚೆಂದರೆ ಎರಡೂವರೆ. ಕಂದಕದ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆವು. ಎರಡೂ ತುದಿಗೆ ಎಲೆಯಿರುವ ಹುಟ್ಟು ಹಾಕುವುದು ನನ್ನ ಕೈಗೆ ಹತ್ತಿದೆ. ನೀಲಗಂಗಮ್ಮನ ಕೂಸು ಉಳಿಯುತ್ತದೆ ಎಂದು ಮೊದಲ ಸಲ ಅನ್ನಿಸಿತು. ಕುಣಿಯುವಷ್ಟು ಸಂತೋಷವಾಗಿದೆ.

ಆಷಾಢ ಶುದ್ಧ ತದಿಗೆ, ಶುಕ್ರವಾರ

ನಮ್ಮ ಶಾಲೆಯ ಹಿರಿಯ ಕನ್ನಡ ಪಂಡಿತರು ಗುಂಡಣ್ಣನವರು. ನನಗೆ ಅಕ್ಷರ ಕಲಿಸಿದವರು. ದೋಣಿಯ ಸುದ್ದಿ ಕೇಳಿ, ತಾವೂ ಒಮ್ಮೆ ಕೂರಬೇಕೆಂದು ಧೋತರ ಮೇಲೆ ಕಟ್ಟಿ ಬಂದರು. ಮುಂದಿನ ಕುಳಿಯಲ್ಲಿ ಕೂಡಿಸಿಕೊಂಡು ನಾಲ್ಕು ಮಾರು ಹೋಗಿದ್ದೆ, ದೋಣಿ ತಿರುವಿ ಹಾಕಿತು.

ಪಂಡಿತರ ರುಮಾಲಿನ ತುಂಬ ಪಾಚಿ. ಹಮೀದ್ ಅವರನ್ನು ಹೊತ್ತು ದಡಕ್ಕೆ ತಂದ. ಅವರು ಪಾಚಿ ಕೊಡವಿಕೊಂಡು ಮನೆಯ ದಾರಿ ಹಿಡಿದರು.

ಆಷಾಢ ಶುದ್ಧ ಪಂಚಮಿ, ಭಾನುವಾರ

ಪಂಡಿತರ ತೂಕ ಹಮೀದನಿಗಿಂತ ಎಷ್ಟೋ ಕಡಿಮೆ. ಹಾಗಾದರೆ ಯಾಕೆ?

ಆಷಾಢ ಶುದ್ಧ ಅಷ್ಟಮಿ, ಬುಧವಾರ

ಮೂರು ದಿನದಿಂದ ಅನ್ನ ರುಚಿಸುತ್ತಿಲ್ಲ. ಕಿತ್ತಾನು ನೀರು ಕುಡಿಯಿತೇ? ಇಲ್ಲ. ಪಂಡಿತರ ರುಮಾಲು ದೊಡ್ಡದು, ಅದರ ಎತ್ತರದಿಂದ ಹೀಗಾಯಿತೇ? ನಿನ್ನೆ ಶಾಲೆ ಬಿಟ್ಟ ಮೇಲೆ ಹಮೀದನ ತಲೆಗೆ ಅಷ್ಟೇ ದೊಡ್ಡ ರುಮಾಲು ಸುತ್ತಿ ಕೂಡಿಸಿದೆ. ಎರಡೂವರೆ ಬೆರಳು. “ನನ್ನ ಮತ್ತೊಂದು ನಿಕಾಹ್ ಮಾಡಾಕತ್ತೀರೇನ್ರಿ?” ಎಂದ.

ಇವತ್ತು ಶಂಕ್ರಮ್ಮ ನನ್ನ ಕಾಲು ನೋಡಿದಳು.

“ಮಂಡಿ ಯಾಕ ಹಿಂಗ ಕೆತ್ತ್ಯಾವ? ಶುಕ್ರವಾರ ಬಿದ್ದು ಬಂದಾಗಿಂದ ನೋಡಾಕತ್ತೀನಿ. ಇಷ್ಟು ದಿನ ಎಷ್ಟು ಸರ್ತಿ ಬಿದ್ರೂ ಮಂಡಿಗೇನೂ ಆಗಿದ್ದಿಲ್ಲ.”

ನೋಡಿದೆ. ಎರಡೂ ಮಂಡಿಯ ಮೇಲೆ ಅಡ್ಡ ಗೆರೆ, ದೋಣಿಯ ಒಳಗಿನ ಮರದ ಪಕ್ಕೆಗಳ ಗುರುತು. ನಾನು ಅಂದು ಮಂಡಿಯೂರಿ ಕೂತಿದ್ದೆ! ನನಗೇ ಗೊತ್ತಿಲ್ಲದೆ. ಹಮೀದನ ಹಿಂದೆ ಕೂತಾಗ ಕಾಲು ಚಾಚುತ್ತೇನೆ, ಪಾದಗಳು ಅವನ ಸೊಂಟದ ಎರಡೂ ಮಗ್ಗುಲಿಗೆ ಹೋಗುತ್ತವೆ. ಮುಂದೆ ಪಂಡಿತರು ಕೂತದ್ದೇ ತಡ, ನನ್ನ ಕಾಲು ತಾವಾಗಿಯೇ ಮಡಚಿಕೊಂಡಿವೆ. ಅಕ್ಷರ ಕಲಿಸಿದವರ ಬೆನ್ನಿಗೆ ಅಂಗಾಲು ತಾಗಿಸುವುದುಂಟೇ?

ಶಂಕ್ರಮ್ಮ ಅರಿಸಿನ ಹಚ್ಚುತ್ತಿದ್ದ ಹಾಗೆಯೇ ಎದ್ದು, ಹಮೀದನನ್ನು ಎಳೆದುಕೊಂಡು ಕಂದಕಕ್ಕೆ ಓಡಿದೆ.

ಅದೇ ಹಮೀದ್, ಅದೇ ಕಲ್ಲು. ಕಾಲು ಚಾಚಿ ಕೂತರೆ ಎರಡೂವರೆ ಬೆರಳು, ಹಿಮ್ಮಡಿಯ ಮೇಲೆ ಕೂತರೆ ಏಳು. ಮೈ ಒಂದು ಗೇಣು ಮೇಲೇರಿದ್ದಕ್ಕೇ ಇಷ್ಟು! ಅದೂ ಅಲ್ಲದೆ ಮಂಡಿಯೂರಿದಾಗ ಸೊಂಟವೂ ಬಿಗಿ, ಅಲ್ಲಿಗೆ ಮತ್ತೆ ಗೂಟ. ಮರಳಿನ ಚೀಲಕ್ಕೆ ಹಿರಿಯರು ಕಿರಿಯರು ಎಂಬುದಿಲ್ಲ, ಅದಕ್ಕೇ ನನ್ನ ಅಳತೆ ಅಷ್ಟು ಚೆನ್ನಾಗಿ ಬಂದದ್ದು.

ಕಾರಣ ಸಿಕ್ಕಿತೆಂದು ಅರ್ಧ ದಾರಿ ನಕ್ಕುಕೊಂಡು ಬಂದೆ. ಮಿಕ್ಕ ಅರ್ಧ ದಾರಿಯಲ್ಲಿ ನಗು ಹೋಯಿತು. ಹಳ್ಳ ದಾಟುವಾಗ ನನ್ನ ಮುಂದೆ ಕೂರುವವರು ಯಾರು?

ಆಷಾಢ ಶುದ್ಧ ಏಕಾದಶಿ, ಶನಿವಾರ. ಕಮಲಾಪುರ

ರಜೆ ಪಡೆದು, ದೋಣಿಯನ್ನು ಗಾಡಿಗೆ ಕಟ್ಟಿ, ಶಂಕ್ರಮ್ಮನನ್ನೂ ಕರೆದುಕೊಂಡು ಬಂದೆ. ಬಾಳೆತೋಟಗಳ ಕೆಳಗೆ ಹಳ್ಳ ಅಗಲವಾಗಿ ಒಂದು ಮಡುವಿನಂತೆ ನಿಲ್ಲುತ್ತದೆ. ಆಚೆ ದಡದಲ್ಲಿ ನೀಲಗಂಗಮ್ಮನ ಗಂಡ ಖಂಡೆಪ್ಪನ ತೋಟ. ಇನ್ನೂ ಮಂಡಿಮಟ್ಟ ನೀರು. ಆದರೆ ಮೇಲುಗಡೆ ದಿನವೂ ಮೋಡ ಕಟ್ಟುತ್ತಿದೆ.

ಅತ್ತೆಯವರನ್ನು ಹಿಂದಿನ ಕುಳಿಯಲ್ಲಿ ಕೂಡಿಸಿ ನಾನು ಮುಂದೆ ಕೂತರೆ ಸಮಸ್ಯೆ ಮುಗಿಯಿತಲ್ಲ ಎಂದು ಎಣಿಸಿದ್ದೆ. ಹಿರಿಯರ ಕಾಲು ಕಿರಿಯರಿಗೆ ತಾಗಿದರೆ ಯಾರ ತಕರಾರೂ ಇಲ್ಲ. ಕೂಡಿಸಿ ನೋಡಿದೆ. ಹಿಂದೆ ಭಾರವಾಗಿ ದೋಣಿಯ ಮೂಗು ಮೇಲೆದ್ದಿತು, ಇಷ್ಟು ಸಣ್ಣ ಹರಿವಿಗೇ ಗಿರ್ರನೆ ತಿರುಗಿತು. ಎದುರುಬದುರು ಕೂರಬಹುದೇ ಎಂದು ಕಂಬವಿಲ್ಲದ್ದರಿಂದ ಒಂದು ಬಾಳೆಗಿಡಕ್ಕೆ ಕೇಳಿದೆ.

“ಅಳಿಯನ ಮಾರಿ ನೋಡಕೋತ ಹೊಳಿ ದಾಟೂ ಹೆಂಗಸು ನಾ ಅಲ್ಲಂತ ಹೇಳವ್ವ,” ಎಂದು ಸೆರಗು ಎಳೆದುಕೊಂಡರು.

ಕೊನೆಗೆ ಮುಂದೆಯೇ ಕೂತರು. ನಾನು ಹಿಂದೆ ಕೂತೆ. ಕಾಲು ಚಾಚಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಕೂತೆ. ಅವರ ಬೆನ್ನು ಕಾಣಿಸಿತು. ಕಾಲು ನನ್ನ ಮಾತು ಕೇಳಲಿಲ್ಲ. ದೋಣಿ ನಡುಗಿತು, ವಾಲಿತು, ನೀರು ಕುಳಿಯ ಅಂಚಿಗೆ ಬಂತು. ಖಂಡೆಪ್ಪ ಹಾರಿ ಬಂದು ಹಿಡಿದುಕೊಂಡ.

ಅತ್ತೆಯವರು ಇಳಿದು ಸೀರೆ ಹಿಂಡಿಕೊಂಡರು. “ನಾ ನೀರಿಗಿ ಹೆದರೂದಿಲ್ಲ, ಶಂಕ್ರಿ. ಆದ್ರ ಈ ದೋಣಿ ನನಗ ಒಗ್ಗವಲ್ದು. ಹೋದ ವರ್ಷ ಕೊಪ್ಪರಿಗಿ, ಈ ವರ್ಷ ಇದು. ಆ ಹುಡಿಗಿ ನಸೀಬದಾಗ ಏನದನೋ.”

ದನಿ ಒಡೆದಿತ್ತು. ಮೂವತ್ತು ವರ್ಷ ಮಂದಿಗೆಲ್ಲ ಧೈರ್ಯ ಹೇಳಿದ ಹೆಂಗಸು. ತಪ್ಪು ದೋಣಿಯದಲ್ಲ ನನ್ನದು ಎಂದು ಹೇಳಬೇಕಿತ್ತು, ಹೇಳಲಿಲ್ಲ. ಏನೆಂದು ಹೇಳಲಿ? ಅತ್ತೀ, ನಿಮ್ಮ ಸೊಂಟಕ್ಕೆ ನನ್ನ ಕಾಲು ತಾಗಿಸುತ್ತೇನೆ ಎಂದೇ? ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಷಾಢ ಶುದ್ಧ ಚತುರ್ದಶಿ, ಮಂಗಳವಾರ

ಮಳೆ.

ಶಂಕ್ರಮ್ಮನಿಗೆ ಹೇಳಿದೆ, ನೀನೇ ನಿಮ್ಮವ್ವನಿಗೆ ತಿಳಿಸು ಎಂದೆ. “ಎಲ್ಲಾ ನನ್ನ ಕೈಲೇ ಹೇಳಸ್ತೀರಿ ಇಬ್ಬರೂ. ಇದು ಮಾತ್ರ ನನ್ನಿಂದ ಆಗೂದಿಲ್ಲ. ಕಾಲು ನಿಮ್ಮವು, ನೀವೇ ಹೇಳ್ರಿ,” ಎಂದಳು.

ಆಷಾಢ ಬಹುಳ ಪಾಡ್ಯ, ಗುರುವಾರ

ಹಳ್ಳ ತುಂಬಿತು. ಕೆಂಪು ನೀರು. ಬುಡಸಮೇತ ಬಾಳೆಗಿಡಗಳು ತೇಲಿ ಹೋಗುತ್ತಿವೆ.

ಆಷಾಢ ಬಹುಳ ಚೌತಿ, ಭಾನುವಾರ. ಖಂಡೆಪ್ಪನ ತೋಟದ ಮನೆ

ನಿನ್ನೆ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಗಾಗುತ್ತಲೇ ಆಚೆ ದಡದಲ್ಲಿ ಖಂಡೆಪ್ಪ ಗಳದ ತುದಿಗೆ ಕೆಂಪು ರುಮಾಲು ಕಟ್ಟಿ ನಿಲ್ಲಿಸಿದ್ದ. ನೋವು ಬಂದರೆ ಹಾಗೆ ಮಾಡಬೇಕೆಂದು ಮಾತಾಗಿತ್ತು. ಅತ್ತೆಯವರು ರುಮಾಲನ್ನು ನೋಡಿದರು, ನೀರನ್ನು ನೋಡಿದರು. ನೂಲು, ಹರಳೆಣ್ಣೆ, ಹಳೆಯ ಮೆತ್ತನೆಯ ಬಟ್ಟೆ ಇದ್ದ ಗಂಟನ್ನು ತಲೆಗೆ ಬಿಗಿದುಕೊಂಡು ನೇರ ಹೋಗಿ ಮುಂದಿನ ಕುಳಿಯಲ್ಲಿ ಕೂತರು. ಯಾರನ್ನೂ ಕೇಳಲಿಲ್ಲ.

ಮಡುವಿನ ನೀರು ಮೇಲಿನಷ್ಟು ಜೋರಿರಲಿಲ್ಲ, ಆದರೂ ಎಳೆತವಿತ್ತು. ಶಂಕ್ರಮ್ಮ ದಡದಿಂದ ನೂಕಿದಳು. ನಾನು ಮಂಡಿಯ ಮೇಲೆಯೇ ಇದ್ದೆ. ನಡುನೀರಿಗೆ ಬರುವಷ್ಟರಲ್ಲಿ ದೋಣಿ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು.

“ಶಂಕ್ರೀ,” ಎಂದರು ಅತ್ತೆಯವರು ಅಭ್ಯಾಸಬಲದಿಂದ, “ಮಾಸ್ತರಿಗಿ ಹೇಳವ್ವ—”

ಶಂಕ್ರಿ ಎಲ್ಲಿದ್ದಾಳೆ? ದಡದ ಮೇಲೆ ಬೆರಳಷ್ಟಾಗಿ ಕಾಣುತ್ತಿದ್ದಳು. ನೀರಿನ ನಡುವೆ ಕಂಬವೂ ಇಲ್ಲ, ಬಾಗಿಲೂ ಇಲ್ಲ. ನಾವಿಬ್ಬರೇ. ಆಗ ಒಂದು ಬಾಳೆಯ ದಿಂಡು ಬಂದು ಪಕ್ಕಕ್ಕೆ ಬಡಿಯಿತು. ದೋಣಿ ವಾಲಿತು. ನನ್ನ ಬಾಯಿಂದ ತಾನೇ ಹೊರಟಿತು:

“ಅತ್ತೀ, ನಾ ಕಾಲು ಚಾಚಬೇಕ್ರಿ! ಮಡಚಿ ಕೂತಿದ್ದಕ್ಕೇ ಇದು ಹೊಳ್ಳಾಕತ್ತದ. ಅವತ್ತೂ ಅದಕ್ಕೇ ಹೊಳ್ಳಿದ್ದು. ಚಾಚಿದ್ರ ನಿಮ್ಮ ಸೊಂಟಕ್ಕ ತಾಗ್ತಾವ್ರಿ.”

ಅವರು ತಿರುಗಿ ನೋಡಲಿಲ್ಲ.

“ಇಷ್ಟ ಹೇಳಾಕ ಹೆದರಿ ಕುಂತಿದ್ರೇನು ಇಷ್ಟು ದಿನ?”

“ಹೌದ್ರಿ.”

“ಹುಟ್ಟಿದ ಕೂಸು ಅಳಲಿಲ್ಲಂದ್ರ ನಾ ಮೊದಲ ಹಿಡಿಯೂದೇ ಕಾಲು. ಕಾಲು ಹಿಡದು, ತಲಿ ಕೆಳಗ ಮಾಡಿ, ಬೆನ್ನಿಗಿ ಬಡೀತೀನಿ. ಊರು ತುಂಬ ಮಂದಿ ಕಾಲು ಹಿಡದಾಕಿ ನಾ. ನೇಮ ನಿಷ್ಠಿ ಆಮ್ಯಾಲ, ಮೊದಲ ಕಾಲು ಕೊಡ್ರಿ ಇತ್ತ!”

ಕುಳಿಯೊಳಗೆ ಎರಡೂ ಕೈ ಹಿಂದೆ ಚಾಚಿದರು. ನಾನು ಕಣ್ಣು ಮುಚ್ಚಿ ಕಾಲು ಬಿಟ್ಟೆ. ಅವರು ನನ್ನ ಪಾದದ ಮೇಲಿನ ಹರಡುಗಳನ್ನು ಹಿಡಿದು ಮುಂದಕ್ಕೆ ಎಳೆದುಕೊಂಡು, ತಮ್ಮ ಸೊಂಟದ ಎರಡೂ ಮಗ್ಗುಲಿಗೆ ಒತ್ತಿ ಹಿಡಿದರು. ನಾನು ದೋಣಿಯ ತಳಕ್ಕೆ ಕುಸಿದು ಕೂತೆ. ದೋಣಿ ಸುಮ್ಮನಾಯಿತು.

ಆಮೇಲೆ ಬಂದ ಅಲೆಗಳು ಸಣ್ಣವೇನಲ್ಲ. ಒಂದು ಅಲೆಗಂತೂ ದೋಣಿ ನನ್ನ ಮೊಣಕೈ ನೀರಿಗೆ ತಾಗುವಷ್ಟು ಬಾಗಿತು. ಸೊಂಟ ಅದರ ಜೊತೆ ಹೋಯಿತು, ತಲೆ ನೆಟ್ಟಗೇ ಉಳಿಯಿತು. ದೋಣಿ ಬಿಗಿಯಾಗಿ ನಿಂತು ಎದ್ದು ಬಂತು. ಎಷ್ಟು ಬೆರಳು ಬಾಗಿತೋ ಗೊತ್ತಿಲ್ಲ. ಪಾಟಿ ತಂದಿರಲಿಲ್ಲ, ನೆನಪೂ ಆಗಿರಲಿಲ್ಲ. ದಾರಿಯುದ್ದಕ್ಕೂ ಅವರು “ಹಾಂ, ಒಂದೀಟು, ಇನ್ನೊಂದೀಟು, ಬಂತು ನೋಡ್ರಿ, ಹಾಂ,” ಎನ್ನುತ್ತಲೇ ಇದ್ದರು. ಹೆರುವವರಿಗೆ ಹೇಳುವ ಮಾತು ಅದು, ಅದನ್ನೇ ನನಗೂ ಹೇಳುತ್ತಿದ್ದರು.

ಖಂಡೆಪ್ಪ ಎದೆಮಟ್ಟ ನೀರಿಗಿಳಿದು ದೋಣಿಯ ಮೂಗು ಹಿಡಿದ. ಅತ್ತೆಯವರು ನನ್ನ ಕಾಲು ಬಿಟ್ಟು, ಸೀರೆ ಎತ್ತಿ ಕಟ್ಟಿ, ತೋಟದೊಳಗೆ ಓಡಿದರು.

ನಾನೂ ಖಂಡೆಪ್ಪನೂ ಹೊರಗೆ ಬಾಳೆಯ ಕೆಳಗೆ ಕೂತೆವು. ಒಳಗಿನಿಂದ ನೀಲಗಂಗಮ್ಮನ ಕೂಗು. ಆಮೇಲೆ ಏನೂ ಇಲ್ಲ. ಖಂಡೆಪ್ಪ ನನ್ನ ತೋಳು ಹಿಡಿದುಕೊಂಡ. ಅವನ ಉಗುರು ನಾಟುತ್ತಿತ್ತು. ಆ ಸದ್ದಿಲ್ಲದ ಹೊತ್ತಿನಲ್ಲಿ ಅತ್ತೆಯವರ ಕೈ ಒಳಗೆ ಏನು ಹಿಡಿದಿದೆ ಎಂದು ನನಗೆ ಗೊತ್ತಿತ್ತು. ನನ್ನ ಕಾಲಿನ ಹರಡಿನ ಮೇಲೆ ಆ ಕೈಯ ಬಿಸಿ ಇನ್ನೂ ಆರಿರಲಿಲ್ಲ. ಬಡಿದ ಸದ್ದು ಕೇಳಿತು. ಇನ್ನೊಂದು.

ಕೂಸು ಅತ್ತಿತು.

ಖಂಡೆಪ್ಪನಿಗಿಂತ ಮೊದಲು ಅತ್ತವನು ನಾನೇ. ನಾಚಿಕೆ ಇಲ್ಲದೆ ಅತ್ತುಬಿಟ್ಟೆ.

ಆಷಾಢ ಬಹುಳ ಅಷ್ಟಮಿ, ಗುರುವಾರ. ಖಂಡೆಪ್ಪನ ತೋಟದ ಮನೆ

ಹೆಣ್ಣು ಕೂಸು, ಗಟ್ಟಿಯಾಗಿದೆ. ಬಾಣಂತಿಯೂ ಆರಾಮ. ಹಳ್ಳ ಇಳಿದಿಲ್ಲ. ನಾಳೆ ಅತ್ತೆಯವರನ್ನು ಹಿಂದಕ್ಕೆ ಕರೆದೊಯ್ಯಬೇಕು, ಕಮಲಾಪುರದ ದಡದಲ್ಲಿ ಇನ್ಯಾರದೋ ಮನೆಯವರು ಬಂದು ಕೈ ಬೀಸುತ್ತಿದ್ದಾರೆ.

ಹಗಲಿಡೀ ಈ ಪಡಸಾಲೆಯ ಗೋಡೆಗೆ ಒರಗಿ ಲೆಕ್ಕ ಹಾಕುತ್ತಿದ್ದೇನೆ. ಅತ್ತೆಯವರು ಹಿಂದೆ ಕೂತರೆ ಮೂಗು ಏಳುತ್ತದೆ, ಸರಿ. ಆದರೆ ದೋಣಿಯ ಮುಂತುದಿಯಲ್ಲಿ ಎರಡು ಬಾಳೆಗೊನೆ ಇಟ್ಟರೆ? ಹೀಗೆ ಯೋಚಿಸಲು ಕಾರಣ ಅವರೇ. ಬೆಳಗ್ಗೆ ಕೂಸಿಗೆ ಎಣ್ಣೆ ತಿಕ್ಕುತ್ತ, “ನಾಳೆ ನಾ ಹಿಂದ ಕೂಡ್ತೀನ್ರಿ, ಹುಟ್ಟು ನನ್ನ ಕೈಯಾಗ ಕೊಡ್ರಿ. ಒಮ್ಮೆ ನಾನೂ ನೋಡ್ತೀನಿ,” ಎಂದರು. ನಿಮಗೆ ಬರೂದಿಲ್ಲ ಅಂದೆ. ನಿಮಗ ಎಲ್ಲಿ ಬರ್ತಿತ್ತು ಅಂದರು. ಅದೂ ಸರಿಯೇ. ಕಲಬುರಗಿಗೆ ಹೋದ ಮೇಲೆ ಗುಂಡಣ್ಣ ಪಂಡಿತರನ್ನೂ ಇನ್ನೊಮ್ಮೆ ಕೂಡಿಸಬೇಕು, ಅವರಿಗೆ ಮೊದಲೇ ಎಲ್ಲ ಹೇಳಿ.

ಮುಂತುದಿ ನಡುವಿನಿಂದ ಎಂಟು ಗೇಣು. ಒಂದು ಗೊನೆಯ ತೂಕ—

“ಕಾಲು ಜರ ಸರಸ್ರಿ,” ಎಂದರು ಅತ್ತೆಯವರು. ಕೂಸಿಗೆ ಎರೆದ ನೀರಿನ ಬೋಗುಣಿ ಹಿಡಿದು ಎದುರಿಗೇ ನಿಂತಿದ್ದರು. ಸರಿಸಿದೆ. ಅವರು ದಾಟಿ ಹೋಗಿ, ನೀರು ಚೆಲ್ಲಿ, ಹಾಗೆಯೇ ದಾಟಿ ಬಂದು ಕೂಸಿನ ಹತ್ತಿರ ಕೂತರು. ಮತ್ತೆ ಕಾಲು ಚಾಚಿಕೊಂಡು ಬರೆಯುತ್ತಿದ್ದೇನೆ.

ಒಂದು ಗೊನೆ ಸಾಲದು, ಎರಡು ಬೇಕು.